ಏರಿಯ ಕೆಳಗಿನ ಪಾರ್ಕು

ಫೆಬ್ರವರಿ ಮೂವತ್ತು, 2187
ದೊಡ್ಡಕೆರೆ ತೂಬಿನ ಮನೆ, ಮಾಳಗೆರೆ

ಮಾಳಗೆರೆ ಪುರಸಭೆಯ ಇಪ್ಪತ್ತಮೂರು ಸದಸ್ಯರಿಗೆ,

ತಾರೀಖು ತಪ್ಪಿಲ್ಲ. ತಿಂಗಳುಗಳನ್ನೆಲ್ಲ ಮೂವತ್ತಕ್ಕೆ ಸಮ ಮಾಡಿ ನಮಗೆ ಬಹಳ ಕಾಲವಾಯಿತು, ಮಿಕ್ಕ ದಿನ ವರ್ಷದ ಕೊನೆಗೆ ರಜ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದ ಬಂದರೆ ಸಹಿಸಿಕೊಳ್ಳಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ನಯವಾಗಿ ಬರೆಯಲು ಬರುವುದಿಲ್ಲ. ಈ ಕಾಗದ ಹಿಂದಕ್ಕೆ, ನಿಮ್ಮ ಕಾಲಕ್ಕೆ, ಹೇಗೆ ಹೋಗುತ್ತೆ ಅಂತ ನಮ್ಮ ಮೇಷ್ಟ್ರನ್ನು ಕೇಳಿದೆ. ನಿನಗೆ ಅರ್ಥವಾಗಲ್ಲ ಬಿಡಜ್ಜಿ ಅಂದ. ಅವನಿಗೂ ಅರ್ಥವಾಗಿಲ್ಲ ಅನ್ನುವುದು ನನಗೆ ಅರ್ಥವಾಯಿತು. ಇರಲಿ.

ನಾನು ಈ ಊರಿನ ನೀರುಗಂಟಿ. ಕೆರೆ, ತೂಬು, ಕಾಲುವೆ ನೋಡಿಕೊಳ್ಳುವ ಕೆಲಸ. ಮೂವತ್ತೊಂದು ವರ್ಷವಾಯಿತು. ನಿಮ್ಮ ಕಾಲದಲ್ಲಿ ಈ ಕೆಲಸ ಹೆಚ್ಚುಕಡಿಮೆ ಸತ್ತಿತ್ತಂತೆ. ನೀರು ಕೆಟ್ಟ ಮೇಲೆ ಜನಕ್ಕೆ ಮತ್ತೆ ನೆನಪಾಯಿತು.

ನಾವು ಕುಡಿಯುವುದು ಗಾಳಿನೀರು. ಹಾಗಂದರೆ, ಚಾವಣಿ ಮೇಲೆ ಕೂತ ಯಂತ್ರ ಗಾಳಿಯಿಂದ ಹಿಂಡಿ ಇಳಿಸುವ ನೀರು. ಮನೆಗೆ ದಿನಕ್ಕೆ ಒಂದು ಕೊಡ, ಒಣಗಾಳಿ ಬೀಸಿದರೆ ಅರ್ಧ. ರುಚಿಯಿಲ್ಲ, ವಾಸನೆಯಿಲ್ಲ, ಕುಡಿದ ಹಾಗೂ ಇರುವುದಿಲ್ಲ. ಮುದ್ದೆಗೆ ಎಸರಿಡುವಾಗ ಲೋಟದಲ್ಲಿ ಅಳೆದು ಸುರಿಯುತ್ತೇವೆ. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರಲ್ಲಿ ನೆಲ, ಅದರಲ್ಲೂ ಉಳಿದರೆ ಕರಿಬೇವಿನ ಗಿಡಕ್ಕೆ. ಸ್ನಾನ ಅಂದರೆ ಒದ್ದೆ ಬಟ್ಟೆ. ಮದುವೆ ಹೆಣ್ಣಿಗೆ ಮಾತ್ರ ಒಂದು ಬಕೆಟ್ಟು ತಲೆ ಮೇಲೆ ಸುರಿಯುತ್ತಾರೆ, ಅದನ್ನು ನೋಡಲು ಬೀದಿಯೇ ಸೇರುತ್ತದೆ. ಇದೆಲ್ಲ ಗೋಳು ಅಂತ ಹೇಳುತ್ತಿಲ್ಲ. ನಮಗೆ ರೂಢಿಯಾಗಿದೆ.

ಕೆರೆ ಇಲ್ಲವಾ ಅಂತ ಕೇಳುತ್ತೀರಿ. ಇದೆ, ತುಂಬಿಯೇ ಇದೆ. ಆ ನೀರು ಕುಡಿಯುವ ಹಾಗಿಲ್ಲ, ಅಷ್ಟೇ. ಪ್ರತಿ ಯುಗಾದಿ ಬೆಳಗ್ಗೆ ನೀರುಗಂಟಿ ಏರಿ ಮೇಲೆ ನಿಂತು ಊರೆಲ್ಲ ನೋಡುತ್ತಿರುವಾಗ ಕೆರೆಯ ನೀರು ಕುಡಿಯಬೇಕು. ಇದಕ್ಕೆ ಮೊದಲ ಲೋಟ ಅನ್ನುತ್ತೇವೆ. ಆಮೇಲೆ ನಲವತ್ತು ದಿನ ಅವಳು ಗಟ್ಟಿಯಾಗಿ ಓಡಾಡಿಕೊಂಡಿದ್ದರೆ ಆ ವರ್ಷ ಕೆರೆ ಊರಿಗೆ ತೆರೆಯುತ್ತದೆ. ಮಲಗಿದರೆ ಮುಚ್ಚಿತು. ಪರೀಕ್ಷೆಗೆ ಯಂತ್ರ ಇಲ್ಲವೇ ಅನ್ನಬೇಡಿ. ಇದೆ. ಒಂದು ವರ್ಷ ಅದು ಸರಿ ಅಂದಿತು, ನಾಲ್ಕು ಓಣಿ ವಾಂತಿಭೇದಿಯಲ್ಲಿ ಮಲಗಿತು. ಅಲ್ಲಿಂದ ಜನ ನಂಬುವುದು ಮನುಷ್ಯರ ಹೊಟ್ಟೆಯನ್ನೇ. ನಾನು ಮೂವತ್ತೊಂದು ಲೋಟ ಕುಡಿದಿದ್ದೇನೆ. ಕೆರೆ ತೆರೆದದ್ದು ಎರಡು ವರ್ಷ. ಕಳೆದ ಸಲ ಕುಡಿದ ಮೇಲೆ ಮೂತ್ರಪಿಂಡ ಅರ್ಧ ಹೋಯಿತು. ಇನ್ನು ನೀನು ಬೇಡ ಅಂದರು ಊರಿನವರು. ಇಪ್ಪತ್ತು ದಿನಕ್ಕೆ ಯುಗಾದಿ. ಈ ಸಲ ಲೋಟ ಎತ್ತುವವಳು ನನ್ನ ಮೊಮ್ಮಗಳು ಹೊನ್ನಗಂಗೆ. ಬೇರೆ ಯಾರಾದರೂ ಕುಡೀಲಿ ಕಣೇ ಅಂದೆ. ಬೇರೆಯವರ ಮನೇಲಿ ಅಜ್ಜಿ ಇಲ್ವಾ ಅಂತ ಕೇಳಿದಳು.

ಅದಕ್ಕೇ ಕೂತು ನಿಮ್ಮ ನಡಾವಳಿ ಪುಸ್ತಕ ಓದಿಸಿಕೊಂಡೆ. ಮೇಷ್ಟ್ರು ಓದಿದ, ನಾನು ಬೈದೆ.

ಈ ಕಾಗದ ನಿಮ್ಮ ಕೈ ಸೇರಿದ ಮೇಲೆ ಬರುವ ಗುರುವಾರ ನಿಮ್ಮ ಸಭೆ. ಏಳನೇ ವಿಷಯ, ಪಾರ್ಕಿಗೆ ಜಾಗ. ನಿಮ್ಮ ಮುಂದೆ ಎರಡು ಜಾಗ ಇವೆ. ಒಂದು, ಏರಿಯ ಕೆಳಗೆ ಬಸ್‌ಸ್ಟ್ಯಾಂಡ್ ಪಕ್ಕದ ಎಂಟು ಎಕರೆ. ಇನ್ನೊಂದು, ಹಳ್ಳ ಬಂದು ಕೆರೆಗೆ ಸೇರುವಲ್ಲಿನ ಹದಿನಾರು ಎಕರೆ ಜಾಲಿಗುಂಡಿ. ನೀವು ಕೆಳಗಿನದನ್ನು ಹಿಡಿದಿರಿ. ಕಾರಣವನ್ನೂ ಬರೆಸಿದ್ದೀರಿ: ಬಸ್ಸಿಳಿದವರ ಕಣ್ಣಿಗೆ ಮೊದಲು ಪಾರ್ಕೇ ಬೀಳಬೇಕು. ಬೀಳುತ್ತದೆ. ನೀವು ನಿಲ್ಲಿಸಿದ ಸಿಮೆಂಟಿನ ಆನೆ ಇವತ್ತಿಗೂ ನಿಂತಿದೆ. ಸೊಂಡಿಲ ಕಾರಂಜಿಯಲ್ಲಿ ಜೇನು ಕಟ್ಟಿದೆ, ಬೆನ್ನ ಮೇಲೆ ನಾವು ಮೆಣಸಿನಕಾಯಿ ಒಣಗಿಸುತ್ತೇವೆ. ಮೇಲಿನ ಜಾಲಿಗುಂಡಿ ಬಡಾವಣೆಯಾಯಿತು. ಒಳಚರಂಡಿ ಆಮೇಲೆ ಮಾಡೋಣ ಅಂದಿರಿ. ಮುನ್ನೂರು ಮನೆಯ ಕಕ್ಕಸು ಗುಂಡಿಗಳು ಹಳ್ಳದ ದಂಡೆಯಲ್ಲೇ ಬಾಯಿಬಿಟ್ಟವು, ಬಣ್ಣದ ಕಾರ್ಖಾನೆ ಬಂತು. ನಲವತ್ತು ವರ್ಷಕ್ಕೆ ನಿಮ್ಮ ಫಿಲ್ಟರ್ ಮನೆ ಕೈಚೆಲ್ಲಿತು. ಹದಿನಾರು ಎಕರೆ ಹುಲ್ಲು, ಹೊಂಗೆ, ಜೊಂಡು ಹಾಗೇ ಇದ್ದಿದ್ದರೆ ಹಳ್ಳದ ನೀರು ಅಲ್ಲಿ ನಿಧಾನಿಸಿ, ಸೋಸಿಕೊಂಡು ಕೆರೆಗೆ ಇಳಿಯುತ್ತಿತ್ತು. ಇದು ತಿಳಿಯಲು ನಾಲ್ಕನೇ ಕ್ಲಾಸೂ ಬೇಕಿಲ್ಲ.

ನಿಮ್ಮಲ್ಲಿ ಒಬ್ಬಳಿಗೆ ತಿಳಿದಿತ್ತು. ಒಂಬತ್ತನೇ ವಾರ್ಡಿನ ಚಿಕ್ಕಚೌಡಮ್ಮ. ಅವಳು ಎದ್ದು ನಿಂತು, ಪಾರ್ಕು ಕೆಳಗಿಟ್ಟರೆ ನೀರು ವಾಪಸ್ ಮೇಲೆ ಹತ್ತಿ ಮುಖ ತೊಳ್ಕೊಂಡು ಬರುತ್ತಾ ಸ್ವಾಮಿ ಅಂತ ಕೇಳಿದಳು. ಅದರ ಕೆಳಗೆ ನಿಮ್ಮ ಗುಮಾಸ್ತ ಬರೆದಿದ್ದಾನೆ: ಸದಸ್ಯರು ನಕ್ಕರು. ವಿಷಯ ಅಂಗೀಕಾರ. ಅಲ್ಲಿಗೆ ಮುಗಿಯಿತು. ಅವಳು ಮತ್ತೆ ಎಲ್ಲೂ ಬಾಯಿ ತೆರೆದಿಲ್ಲ, ಪುಸ್ತಕ ಪೂರ್ತಿ ಹುಡುಕಿಸಿದೆ.

ನೀವಿನ್ನೂ ನಕ್ಕಿಲ್ಲ. ಗುರುವಾರಕ್ಕೆ ಇನ್ನೂ ದಿನವಿದೆ. ನಾನು ಕೇಳುವುದು ಇಷ್ಟೇ, ಅವಳು ಎದ್ದಾಗ ಸುಮ್ಮನೆ ಕೂತು ಕೇಳಿ. ಆಮೇಲೆ ಮೇಲಿನ ಜಾಗ ಹಿಡಿಯಿರಿ. ಅಲ್ಲಿ ಆನೆ ಬೇಡ, ಕಾರಂಜಿ ಬೇಡ, ಯಾರ ಕಣ್ಣಿಗೂ ಬೀಳದಿದ್ದರೂ ನಡೆಯುತ್ತದೆ.

ನೀವು ಹಾಗೆ ಮಾಡಿದರೆ ಈ ಕಾಗದವೇ ಇರುವುದಿಲ್ಲವಂತೆ, ನೀರುಗಂಟಿ ಕೆಲಸವೂ ಇರುವುದಿಲ್ಲ, ನಾನು ಬೇರೆ ಯಾರೋ ಆಗಿರುತ್ತೇನಂತೆ. ಮೇಷ್ಟ್ರು ಹೆದರಿಸಲು ನೋಡಿದ. ಹೋಗಲಿ ಬಿಡು ಅಂದೆ. ಯುಗಾದಿ ದಿನ ಹೊನ್ನಗಂಗೆ ಏರಿ ಮೇಲೆ ನಡೆದು ಬರಲಿ, ಬಿಸಿಲಿಗೆ ಬಾಯಾರಲಿ, ಬಗ್ಗಿ ಒಂದು ಲೋಟ ನೀರು ಕುಡಿಯಲಿ. ಯಾರೂ ನಿಂತು ನೋಡದಿರಲಿ.

ಇತಿ,
ದೊಡ್ಡೀರಮ್ಮ