ಅಳಿಸಿದ ನಂಬರು

೧೯ ಮೇ ೨೦೨೫, ಸೋಮವಾರ, ಔರಾದ

ಅತ್ತೆಗೆ ಹೇಗೆ ಹೇಳಲಿ ಎಂಬುದೇ ತಲೆ ಕೊರೆಯುತ್ತಿದೆ.

ಫ್ರಿಜ್ ಕೆಟ್ಟು ನಾಲ್ಕು ದಿನವಾಯಿತು. ಐದು ವರ್ಷದ ವಾರಂಟಿ ಇದೆಯಲ್ಲ ಎಂಬ ಧೈರ್ಯದಿಂದ ಇವತ್ತು ಬಸ್ಸು ಹಿಡಿದು ಭಾಲ್ಕಿಯ ಅಂಗಡಿಗೆ ಹೋದೆ. ಫ್ರಿಜ್ಜಿನ ಪಕ್ಕದಲ್ಲಿ ಅಂಟಿಸಿದ ಚೀಟಿಯ ಫೋಟೋ ತೋರಿಸಿದೆ. ಅಂಗಡಿಯ ದಿಲೀಪ ಅದನ್ನು ದೊಡ್ಡದು ಮಾಡಿ ನೋಡಿದ.

"ಅಕ್ಕಾರ, ಇದರಾಗ ಸೀರಿಯಲ್ ನಂಬರೇ ಇಲ್ಲಲ್ರಿ. ನಂಬರ್ ಕಾಣಲಿಲ್ಲಂದ್ರ ವಾರಂಟಿಯವರು ಒಪ್ಪಂಗಿಲ್ರಿ."

"ಬಿಲ್ ಅದಲ್ಲರಿ?"

"ಬಿಲ್ ಇದ್ರೂ, ಇದೇ ಫ್ರಿಜ್ ಅಂತ ಅವರಿಗಿ ಹ್ಯಾಂಗ ತಿಳೀಬೇಕ್ರಿ? ಯಾರು ತಿಕ್ಯಾರ ಇದನ್ನ?"

ಫೋನು ಚೀಲಕ್ಕೆ ಹಾಕಿಕೊಂಡು ಹೊರಟೆ. ಪ್ರತಿ ಸೋಮವಾರ ಅತ್ತೆ ಆ ಚೀಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಮೂರು ಬೆರಳು ವಿಭೂತಿ ಎಳೆಯುತ್ತಾರೆ. ಅವರ ಇನ್ಸುಲಿನ್ ಕಾಯುವ ಪೆಟ್ಟಿಗೆಯಲ್ಲವೇ ಅದು. ಮೊದಲು ಬಾಗಿಲಿಗೇ ಹಚ್ಚುತ್ತಿದ್ದರು. ಬಣ್ಣ ಹಾಳಾಗುತ್ತದೆಂದು ಚೀಟಿಯ ಜಾಗ ತೋರಿಸಿಕೊಟ್ಟವಳು ನಾನೇ.

ಸಂಜೆ ಮನೆಗೆ ಬಂದಾಗ ಚೀಟಿಯ ಮೇಲೆ ಹಸಿ ವಿಭೂತಿ ಇತ್ತು.

"ಇವತ್ತ ದಪ್ಪ ಹಚ್ಚೀನವ್ವ," ಎಂದರು ಅತ್ತೆ. "ನಾಳಿ ಶುರು ಆಗ್ತದ ನೋಡು. ಅಂಗಡಿಯವ ಏನಂದ?"

"ನೋಡ್ತೇನಿ ಅಂದಾನ್ರಿ," ಎಂದೆ. ಸುಳ್ಳು.

ಇನ್ಸುಲಿನ್ ಸೀಸೆ ಒದ್ದೆ ಬಟ್ಟೆ ಸುತ್ತಿದ ಗಡಿಗೆಯಲ್ಲಿದೆ. ಈ ಧಗೆಯಲ್ಲಿ ಅದು ಕೆಟ್ಟಿದ್ದರೆ ನೋಡಿ ತಿಳಿಯಲು ನನಗಂತೂ ಬರುವುದಿಲ್ಲ. ಬೆಳಗ್ಗೆ ಸೂಜಿ ಚುಚ್ಚುವವಳೂ ನಾನೇ. ಬಟ್ಟೆ ಮತ್ತೆ ಒಣಗಿರಬೇಕು, ಎದ್ದು ನೀರು ಚಿಮುಕಿಸಿ ಬರುತ್ತೇನೆ.