ಅಪ್ಪ ಹಿಡಿದ ಸೀಟು

ಇಸ್ತಾಂಬುಲ್, ಭಾನುವಾರ

ಹೂಟಗಳ್ಳಿ ಅತ್ತೆಗೆ ಅನುಪಮಾಳ ನಮಸ್ಕಾರ.

ನಿಮ್ಮ ತಮ್ಮ ನಿನ್ನೆ ಒಬ್ಬರೇ ಏಷ್ಯಾಕ್ಕೆ ಹೋಗಿಬಂದರು! ಈ ಊರಿನ ಅರ್ಧ ಯುರೋಪಿನಲ್ಲಿದೆ, ಇನ್ನರ್ಧ ನೀರಿನಾಚೆ ಏಷ್ಯಾದಲ್ಲಿ. ನಡುವೆ ಸಿಟಿ ಬಸ್ಸಿನ ಹಾಗೆ ಹಡಗು ಓಡಾಡುತ್ತದೆ. ಬಂದರಿನಲ್ಲಿ ಜನಜಂಗುಳಿ ನೋಡಿದ್ದೇ ತಡ, ಅಪ್ಪ ಸೀಟು ಹಿಡಿಯಲು ಮುಂದೆ ಓಡಿದರು. ಅಮ್ಮನ ಟಿಕೆಟ್ಟಿಗೆ ಗೇಟು ತೆರೆಯಲೇ ಇಲ್ಲ. ನಾವಿಬ್ಬರೂ ಅಲ್ಲಿ ಒದ್ದಾಡುತ್ತಿರುವಾಗಲೇ ಹಡಗು ಹೊರಟುಬಿಟ್ಟಿತು. ಅಪ್ಪನ ಫೋನು ನನ್ನ ಬ್ಯಾಗಿನಲ್ಲಿ! ಅಮ್ಮ ಕಟ್ಟೆಯ ಮೇಲೆ ಕುಳಿತು ಅತ್ತೇಬಿಟ್ಟರು.

ಅದೇ ಹಡಗು ವಾಪಸ್ ಬಂದಾಗ ಬೇರೆ ಟಿಕೆಟ್ ಕೊಂಡು ಒಳಗೆ ನುಗ್ಗಿ ನೋಡಿದರೆ, ಅಪ್ಪ ಕಿಟಕಿ ಪಕ್ಕ ಕುಳಿತಿದ್ದಾರೆ, ಪಕ್ಕದ ಎರಡು ಸೀಟಿನ ಮೇಲೆ ಟವೆಲ್ ಹಾಸಿದೆ. ಆಚೆ ದಡದಲ್ಲಿ ಇಳಿದೇ ಇಲ್ಲ!

"ಎಷ್ಟ್ ಜನ ಬಂದ್ ಕೇಳುದ್ರು ಗೊತ್ತಾ? ಒಬ್ರುಗೂ ಬುಟ್ಕೊಡ್ನಿಲ್ಲ ಕಣಮ್ಮ" ಎಂದು ನನಗೆ ಹೇಳಿದರು.

"ನಿಮ್ ಸೀಟಿನ್ ಮನೆ ಹಾಳಾಗ, ನನ್ ಜೀವ ಹೋಗಿತ್ತಲ್ಲ!" ಎಂದು ಬೈಯುತ್ತಲೇ ಅಮ್ಮ ಅವರ ಕೈ ಹಿಡಿದವರು, ಇಳಿಯುವವರೆಗೂ ಬಿಡಲಿಲ್ಲ.

ಅಪ್ಪನ ಬಿಪಿ ಸರಿಯಾಗಿದೆ. ಅಮ್ಮನ ಮಂಡಿಗೆ ದಿನಾ ಎಣ್ಣೆ ತಿಕ್ಕುತ್ತಿದ್ದೇನೆ. ಇವತ್ತೂ ಹಡಗು ಹತ್ತೋಣ ಎನ್ನುತ್ತಿದ್ದಾರೆ ಅಪ್ಪ. ಅಮ್ಮ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಾಯಿತು. ನಾನೂ ಓಡಬೇಕು.

ಅನು