ಮಲಗಿದ್ದುಕೊಂಡೇ ನಿನ್ನನ್ನು ಕೆಡವುವುದು

ಗೆಳೆಯ ನಾಗನಿಗೆ,

ನೀನು ಇದನ್ನು ಓದುವುದಿಲ್ಲ. ಇದ್ದಾಗಲೂ ಓದುತ್ತಿರಲಿಲ್ಲ, ಬಸ್ಸಿನ ಬೋರ್ಡನ್ನೂ ನನ್ನಿಂದಲೇ ಓದಿಸುತ್ತಿದ್ದೆ. ನನ್ನದೂ ಪ್ರೈಮರಿ ಸ್ಕೂಲಿನ ಓದೇ. ಆದರೂ ಎದುರಿಗೆ ನಿಂತು ಹೇಳುವುದಕ್ಕಿಂತ ಬರೆಯುವುದು ನನಗೆ ಸುಲಭ ಎಂದು ನಿನಗೆ ಗೊತ್ತಿತ್ತಲ್ಲ.

ಸಲೀಮಣ್ಣ ಅಬುಧಾಬಿಯಿಂದ ವಾಪಸು ಬಂದ ವರ್ಷ ನೆನಪಿದೆಯಾ? ಅಲ್ಲಿ ಡ್ರೈವರ್ ಆಗಿದ್ದಾಗ ಬ್ರೆಜಿಲ್‌ನವರ ಜಿಯು ಜಿತ್ಸು ಎಂಬ ಕುಸ್ತಿ ಕಲಿತು ಬಂದಿದ್ದ. ತಿಪಟೂರಿನಲ್ಲಿ ಖಾಲಿ ಬಿದ್ದಿದ್ದ ಒಂದು ಕೊಬ್ಬರಿ ಗೋದಾಮಿನಲ್ಲಿ ತೆಂಗಿನ ನಾರಿನ ಪುಡಿ ಹರಡಿ, ಮೇಲೆ ಟಾರ್ಪಾಲು ಬಿಗಿದು, ಭಾನುವಾರ ಕಲಿಸುತ್ತಿದ್ದ. ಬಂದವರೆಲ್ಲ ನಿನ್ನ ಹಾಗೆ ಕಾಯಿ ಸುಲಿಯುವವರು. ಸುಲಿದ ಮಟ್ಟೆ ಹೊರುವ ನಾನೊಬ್ಬ ಬೇರೆ. ಮೊದಲ ದಿನವೇ ಅವನು ಅಂಗಾತ ಮಲಗಿ, ಎರಡೂ ಕಾಲು ಮೇಲೆತ್ತಿ, “ನಿಂತಿರೋನ್ನ ಇಲ್ಲಿಂದ್ಲೇ ಕೆಡವ್ಬೇಕು” ಅಂದ. ನಿನಗೆ ನಗು ತಡೆಯಲಾಗಲಿಲ್ಲ.

“ನಮ್ಮ ಕುಸ್ತೀಲಿ ಬೆನ್ನಿಗೆ ಮಣ್ಣು ಅಂಟಿದ್ರೆ ಮುಗೀತು ಕಣಣ್ಣೋ. ನೀನು ಸೋತ ಮ್ಯಾಲೆ ಶುರು ಮಾಡ್ತೀಯಲ್ಲ!”

“ಅದೇ ಮಜಾ ಕಣಪ್ಪ.”

“ಹಂಗಾರೆ ಈ ಕುಳ್ಳಂಗೆ ಹೇಳ್ಕೊಡು. ಹುಟ್ಟಿದಾಗಿಂದ ಸೋತೇ ಅವ್ನೆ.”

ಹಾಗೆ ನಾನು ಮಲಗುವವನಾದೆ, ನೀನು ನಿಲ್ಲುವವನಾದೆ.

ಆ ಪಟ್ಟು ಕೇಳುವುದಕ್ಕೆ ಸುಲಭ. ನಿಂತವನ ಒಂದು ಹಿಮ್ಮಡಿಯನ್ನು ಕೈಯಲ್ಲಿ ಹಿಡಿಯಬೇಕು. ಇನ್ನೊಂದು ಹಿಮ್ಮಡಿಯ ಹಿಂದೆ ನಮ್ಮ ಪಾದ ಸಿಕ್ಕಿಸಬೇಕು. ಉಳಿದ ಕಾಲಿನಿಂದ ಅವನ ಸೊಂಟವನ್ನು ಒದ್ದು ತಳ್ಳಿದರೆ ಹಿಂದಕ್ಕೆ ಕುಕ್ಕರಿಸುತ್ತಾನೆ. ಸಲೀಮಣ್ಣ ಮಾಡಿದರೆ ಹಾಗೇ ಆಗುತ್ತಿತ್ತು. ನಾನು ತಳ್ಳಿದರೆ ನೀನು ಮಾತ್ರ ಕದಲುತ್ತಿರಲಿಲ್ಲ. “ಜೋರಾಗಿ ತಳ್ಳಲಾ, ಸೊಂಟ ಉಜ್ಜಿದಂಗಾಯ್ತದೆ” ಎನ್ನುತ್ತಿದ್ದೆ.

ಬಿಳಿಗೆರೆಯ ಬಸ್ಸಿಗೆ ಕಾಯುತ್ತಿದ್ದ ಒಂದು ಸಂಜೆ ನೀನು ಇದ್ದಕ್ಕಿದ್ದಂತೆ ಕೇಳಿದೆ. “ಲೇ ಕುಳ್ಳ, ನಮ್ಮನೇಗೆ ಬಂದ್ರೆ ನೆಲ ನೋಡ್ಕೊಂಡು ಕುಂತಿರ್ತೀಯ. ತಂಗಿ ಗೀತ ಕಾಫಿ ತಂದ್ರೆ ಬಿಸೀದೇ ಕುಡ್ದು ಎದ್ದೋಗ್ತೀಯ. ಏನ್ಲಾ ಸಮಾಚಾರ?” ನಾನು ಬಸ್ಸು ಬರುವ ದಾರಿ ನೋಡಿದೆ. “ಬುಡು, ಗೊತ್ತಾಯ್ತು. ಒಂದೇ ಒಂದ್ಸಲ ನನ್ನ ಕೆಡವು. ಕೆಡವಿದ ದಿನ ನಮ್ಮವ್ವನ ಹತ್ರ ನಾನೇ ಮಾತಾಡ್ತೀನಿ.” ನೀನು ತಮಾಷೆಗೆ ಅಂದೆಯೋ ಏನೋ. ನಾನು ಹಾಗೆ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಬೆನ್ನು ತರಚುವವರೆಗೂ ತಳ್ಳಿದೆ. ನೀನು ಬೀಳಲಿಲ್ಲ.

ಆಮೇಲೆ ನಿನಗೆ ಕಾಮಾಲೆಯಾಯಿತು. ಮೊದಲು ನಾಟಿ ಔಷಧಿ, ತಡವಾಗಿ ಆಸ್ಪತ್ರೆ. ನೀನು ಮಲಗಿದ್ದನ್ನು ನಾನು ನೋಡಿದ್ದು ಅಲ್ಲೇ ಮೊದಲು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ನೀನು ಹೋದ ಮೇಲೆ ನಿನ್ನ ಜಾಗದಲ್ಲಿ ಪುಟ್ಟಸ್ವಾಮಿ ಕಾಯಿ ಸುಲಿಯುತ್ತಿದ್ದ. ಮಟ್ಟೆ ಎತ್ತಲು ಕಾಯುತ್ತಾ ನಿಂತಿದ್ದವನು ಅವನ ಕಾಲು ನೋಡಿದೆ. ನೆಲಕ್ಕೆ ನೆಟ್ಟ ಕಬ್ಬಿಣದ ಗೂಟಕ್ಕೆ ಕಾಯಿ ಚುಚ್ಚುವಾಗ ಮೈಭಾರವೆಲ್ಲ ಮುಂದಕ್ಕೆ. ಸುಮ್ಮನೆ ನಿಂತು ಬೀಡಿ ಸೇದುವಾಗಲೂ ಹಾಗೇ, ಮುಂದಕ್ಕೆ. ನೀನೂ ಹಾಗೇ ನಿಲ್ಲುತ್ತಿದ್ದೆ, ಟಾರ್ಪಾಲಿನ ಮೇಲೂ. ವರ್ಷಗಟ್ಟಲೆ ಮುಂದಕ್ಕೆ ಬಾಗಿ ದುಡಿದವನನ್ನು ಹಿಂದಕ್ಕೆ ತಳ್ಳಿದರೆ ಹೇಗೆ ಬೀಳುತ್ತಾನೆ? ಇಷ್ಟು ದಿನ ಇದು ನನ್ನ ಕಣ್ಣಿಗೆ ಯಾಕೆ…

ಮುಂದಿನ ಭಾನುವಾರ ಪುಟ್ಟಸ್ವಾಮಿಯ ಎದುರು ಮಲಗಿದೆ. ಎರಡೂ ಪಾದ ಅವನ ಸೊಂಟಕ್ಕೆ ಕೊಟ್ಟು, ಎರಡೂ ತೋಳು ಹಿಡಿದೆ. ತಳ್ಳಲಿಲ್ಲ. ಮಂಡಿ ಮಡಚಿ, ಅವನು ಬಾಗುವ ಕಡೆಗೇ ಎಳೆದುಕೊಂಡು, ಮೇಲೆ ಬಂದವನನ್ನು ಕಾಲಿನಿಂದ ಎತ್ತಿದೆ. ನನ್ನ ತಲೆ ದಾಟಿ ಹೋಗಿ ಬಿದ್ದ. “ನಿನ್ ಮನೆ ಹಾಳಾಗ! ಯಾವ ಕಡೆಯಿಂದ ಎತ್ತಿದ್ಲಾ?” ಅಂದ. ಸಲೀಮಣ್ಣ ನಕ್ಕ. ನನಗೆ ಖುಷಿಯಾಗಲಿಲ್ಲ. ಕೆಡವಬೇಕಾಗಿದ್ದವನು ಇವನಲ್ಲವಲ್ಲ. ಬೀಳದೆ ಹೋದವನ ಮಾತಿನಿಂದ ನಾನು ಬಿಡುಗಡೆಯಾಗುವುದು ಹೇಗೆ?

ಒಂದು ಮಧ್ಯಾಹ್ನ ನಿಮ್ಮ ಮನೆಗೆ ಹೋದೆ. ಗೀತ ಅಂಗಳದಲ್ಲಿ ಒಣಗಿದ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು. ನಿನ್ನ ಮಾತನ್ನು ಪೂರ್ತಿ ಹೇಳಿಬಿಟ್ಟೆ. ಅವಳು ಕತ್ತಿ ಕೆಳಗಿಟ್ಟಳು.

“ನನ್ನ ಒಂದ್ ಮಾತೂ ಕೇಳ್ದಂಗೆ ನೀವಿಬ್ರೇ ಪಂತ ಕಟ್ಟಿದ್ರಾ?”

“ಕಟ್ಟಿದ್ದು ಅವನು.”

“ಒಪ್ಪಿದ್ದು ನೀವು. ಅಣ್ಣ ಬಿದ್ನೋ ಬುಟ್ನೋ, ಅದು ನಿಮ್ಮಿಬ್ರ ಆಟ. ನನ್ನ ವಿಚಾರ ನನ್ನೇ ಕೇಳಿ.”

ಕೇಳಿದೆ.

“ನೆಲಾನ ಕೇಳ್ತಿದ್ದೀರೋ, ನನ್ನೋ?”

ತಲೆ ಎತ್ತಿ ಇನ್ನೊಮ್ಮೆ ಕೇಳಿದೆ. “ಅವ್ವಂಗೆ ನಾನೇ ಹೇಳ್ತೀನಿ” ಅಂದಳು.

ಇಷ್ಟು ನಿನಗೆ ತಿಳಿಸಬೇಕಿತ್ತು. ಶ್ರಾವಣದಲ್ಲಿ ಮದುವೆ. ನಿಮ್ಮಪ್ಪ ಇಲ್ಲದ್ದರಿಂದ ಗಂಡಿನ ಕಾಲು ತೊಳೆಯುವುದು ಹೆಣ್ಣಿನ ಅಣ್ಣನ ಪಾಲಿಗೆ ಬರುತ್ತದಂತೆ. ನೀನಿದ್ದಿದ್ದರೆ ತಟ್ಟೆಯಲ್ಲಿ ನಿಂತ ನನ್ನ ಹಿಮ್ಮಡಿಗೆ ಕೈ ಹಾಕಿ, ಚಪ್ಪರದ ಜನವೆಲ್ಲ ನೋಡುವ ಹಾಗೆ ಎಳೆಯದೆ ಬಿಡುತ್ತಿದ್ದೆಯಾ? ಈಗ ನಿನ್ನ ಚಿಕ್ಕಪ್ಪನ ಮಗ ತೊಳೆಯುತ್ತಾನೆ. ಬಹಳ ಮರ್ಯಾದಸ್ಥ. ನಾನು ಬೀಳುವ ಸಂಭವವಿಲ್ಲ.